ಬ್ಯಾಲರಾಟ್ ಗೋತ್ರ

"ಯಾರ್ರೀ ಇದನ್ನ ಕಟ್ಟಿದ್ದು? ಅಬ್ಬಬ್ಬ, ಹಲ್ಲೇ ಬಿದ್ದೋಗತ್ತೆ!"

ವತ್ಸಲಾ ಚಕ್ಕುಲಿ ಪೊಟ್ಟಣದ ದಾರವನ್ನು ಉಗುರಿನಿಂದ ಕೆದಕಿದಳು, ಹಲ್ಲಿನಿಂದ ಎಳೆದಳು. ಕೊನೆಗೆ ಸೋತು ಅಡುಗೆಮನೆಯಿಂದ ಕತ್ತರಿ ತಂದಳು.

"ನಮ್ಮ ನವ್ಯ ಕಟ್ಟಿದ್ದು," ಎಂದಳು ಪ್ರಫುಲ್ಲಾ. "ಶಂಕರಪುರದ ಕೈ ಅಲ್ವಾ? ಮಲ್ಲಿಗೆ ಕಟ್ಟಿ ಕಟ್ಟಿ ಅಭ್ಯಾಸ. ಮೊಗ್ಗು ಉದುರಬಾರದು ಅಂತ ದಾರವನ್ನು ಬೆರಳಿಗೆ ಸುತ್ತಿ, ತಿರುಗಿಸಿ, ಒಳಗಿಂದ ತೂರಿಸ್ತೇವೆ. ಎಳೆದಷ್ಟೂ ಬಿಗಿ. ಚಿಕ್ಕವಳಿರುವಾಗ ನಾನೇ ಕಲಿಸಿದ್ದು."

ನವ್ಯಳ ಹೆಸರು ಕಿವಿಗೆ ಬಿದ್ದದ್ದೇ ವತ್ಸಲಾಳ ಕೈ ನಿಂತಿತು. ಚಕ್ಕುಲಿ ತಿನ್ನಬಹುದೋ ಬಾರದೋ ಎಂಬಂತೆ ನೋಡಿದಳು. ಆಮೇಲೆ ದಾರವನ್ನು ಕತ್ತರಿಸಿ ಮೇಜಿನ ಮೇಲಿಟ್ಟಳು.

ಅವಳದೂ ತಪ್ಪಲ್ಲ. ಅವಳ ಭಾವ ರಾಮಪ್ರಸಾದರು ಲಂಡನ್ನಿನ ಈಸ್ಟ್ ಹ್ಯಾಮ್‌ನ ತಮ್ಮ ಬಾಡಿಗೆ ಮನೆಯ ಮೆಟ್ಟಿಲ ಬುಡದಲ್ಲಿ ಹೆಣವಾಗಿ ಸಿಕ್ಕಿದ್ದರು. ಗೋಡೆಯ ಗಾಜಿನ ಚೌಕಟ್ಟಿನಲ್ಲಿದ್ದ ಹಳೆಯ ಕ್ಯಾನ್ವಾಸ್ ಜಾಕೆಟ್ ಮಾಯವಾಗಿತ್ತು. ಅವರನ್ನು ನೋಡಿಕೊಳ್ಳುತ್ತಿದ್ದ ಕೇರರ್ ನವ್ಯಶ್ರೀಯ ಹತ್ತಿರ ಆ ಮನೆಯ ಇನ್ನೊಂದು ಕೀಲಿ ಇತ್ತು. ಪೊಲೀಸರಿಗೆ ಅಷ್ಟು ಸಾಕಾಯಿತು. ನಾಳೆ ಬೆಳಿಗ್ಗೆ ಅವಳು ವಕೀಲನ ಜೊತೆ ಠಾಣೆಗೆ ಹೋಗಬೇಕು. ಕೇಸು ಹಾಕಿದರೆ ಮೊದಲು ಕೆಲಸ ಹೋಗುತ್ತದೆ, ಹಿಂದೆಯೇ ವೀಸಾ. ಆಮೇಲೆ ಜೈಲೋ ವಿಮಾನವೋ, ಅದು ಅವರ ಮರ್ಜಿ.

ನವ್ಯಶ್ರೀ ಪ್ರಫುಲ್ಲಾಳ ತಂಗಿಯ ಮಗಳು. ಆ ಬೆಳಿಗ್ಗೆ ಇಲ್ಫರ್ಡ್‌ನ ತನ್ನ ರೂಮಿನಲ್ಲಿ ಚಕ್ಕುಲಿ ಕಟ್ಟಿಕೊಡುತ್ತ ಹೇಳಿದ್ದಳು: "ದೊಡ್ಡಮ್ಮ, ರಾಮಪ್ರಸಾದಜ್ಜನ ತಮ್ಮನ ಮನೆಯವರಿಗೆ ಕೊಡಿ. ನಾನು ಕಳ್ಳಿ ಅಲ್ಲ ಅಂತ ಹೇಳಿ. ಆ ದಿನ ನನಗೆ ರಜೆ. ಆ ಬದಿಗೇ ಹೋಗಲಿಲ್ಲ ನಾನು, ದೇವರಾಣೆ."

ಪ್ರಫುಲ್ಲಾ ನಂಬಿದ್ದಳು. ಇಲ್ಫರ್ಡ್‌ನ ಒಂದು ದೊಡ್ಡ ಬಟ್ಟೆಯಂಗಡಿಯಲ್ಲಿ ಮಫ್ತಿಯಲ್ಲಿ ಓಡಾಡುತ್ತ ಕಳ್ಳರನ್ನು ಹಿಡಿಯುವುದು ಅವಳ ಕೆಲಸವಾಗಿತ್ತು. ಕಾರ್ಡಿಗನ್ ಹಾಕಿಕೊಂಡ ಕಂದು ಬಣ್ಣದ ನಡುವಯಸ್ಸಿನ ಹೆಂಗಸನ್ನು ಈ ದೇಶದಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಅದೇ ಅವಳ ಬಂಡವಾಳ. ನಿವೃತ್ತಿಯಾಗುವ ದಿನ ಅಂಗಡಿಯವರು ಒಂದು ಹೂಗುಚ್ಛ ಕೊಟ್ಟು ಹೆಸರು ತಪ್ಪಾಗಿ ಹೇಳಿ ಕಳಿಸಿದರು. ಇರಲಿ ಬಿಡಿ. ಅವಳು ಕಲಿತ ವಿದ್ಯೆ ಒಂದೇ: ಪ್ರಶ್ನೆ ಕೇಳಿದರೆ ಜನ ಎಚ್ಚರಾಗುತ್ತಾರೆ, ಪಾಪ ಅಂದರೆ ಬಿಚ್ಚಿಕೊಳ್ಳುತ್ತಾರೆ.

"ಪಾಪ, ಆ ದಿನ ನಿಮಗೆ ಎಷ್ಟು ಕಷ್ಟ ಆಯ್ತೋ ಎಂತದೋ," ಎಂದಳು.

"ಕೇಳ್ಬೇಡಿ ಅಕ್ಕ. ಫೋನ್ ಎತ್ತಿದ್ದೇ ನಾನು. ಇವ್ರು ಬಚ್ಚಲಲ್ಲಿದ್ರು. ಕೆಳಗಡೆ ಮನೆಯೋರು ನೋಡಿ ಪೊಲೀಸ್ರಿಗೆ ಹೇಳಿದ್ರಂತೆ, ಪೊಲೀಸ್ರು ಇಲ್ಲಿಗೆ ಮಾಡಿದ್ರು. ನನ್ ಕೈಕಾಲೇ ಆಡ್ಲಿಲ್ಲ. ಇಂಗ್ಲಿಷಲ್ಲಿ ಸಾವಿನ ಸುದ್ದಿ ಕೇಳೋದು ಇದೆಯಲ್ಲ, ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. 'ಸಾರಿ ಫಾರ್ ಯುವರ್ ಲಾಸ್' ಅಂತ ಬಸ್ ಕಂಡಕ್ಟರ್ ಟಿಕೆಟ್ ಕೊಟ್ಟ ಹಾಗೆ ಅಂದ್ಬಿಟ್ಳು ಆ ಪೊಲೀಸಮ್ಮ."

"ಅಷ್ಟು ಹೊತ್ತಿಗೆ ಸ್ನಾನ ಮಾಡ್ತಿದ್ರಾ ಇವರು?"

"ಅಯ್ಯೋ, ಇವ್ರ ಮಡಿ ನಿಮಗೆ ಗೊತ್ತಿಲ್ಲ!" ವತ್ಸಲಾಳ ಮುಖ ಅರಳಿತು. ಗಂಡನ ಬಗ್ಗೆ ಹೆಮ್ಮೆಪಡಲು ಅವಳಿಗೆ ಹೆಚ್ಚು ವಿಷಯಗಳಿರಲಿಲ್ಲ. ಇದ್ದದ್ದನ್ನು ಚೆನ್ನಾಗಿ ಬಳಸುತ್ತಿದ್ದಳು. "ಅವತ್ತು ಆಚೆಯಿಂದ ಬಂದೋರು ಮುಂಬಾಗಿಲಿಗೇ ಬರ್ಲಿಲ್ಲ. ಪಕ್ಕದ ಸಂದೀಲಿ ಹಿತ್ತಲಿಗೆ ಹೋಗಿ, 'ವತ್ಸಲಾ, ಟವಲ್ ಎಸಿ, ಹತ್ರ ಬರ್ಬೇಡ' ಅಂದ್ರು. ಆ ಚಳೀಲಿ, ಗಾರ್ಡನ್ ಪೈಪಲ್ಲಿ ತಲೆ ಮೇಲೆ ನೀರು ಬಿಟ್ಕೊಂಡ್ರು! ಬಟ್ಟೆನೆಲ್ಲ ಬಕೆಟ್ಟಲ್ಲಿ ನೆನೆಸಿ, ಒಳಗೆ ಬಂದು ಮತ್ತೆ ತಲೆಸ್ನಾನ. ಜನಿವಾರಾನೂ ಹೊಸದು ಹಾಕ್ಕೊಂಡ್ರು. ಪಕ್ಕದ್ಮನೆ ಪಂಜಾಬಿ ಆಂಟಿ ಕಿಟಕೀಲಿ ನೋಡಿ ಏನಂದ್ಕೊಂಡ್ರೋ."

ಪ್ರಫುಲ್ಲಾಳ ಕೈಯಲ್ಲಿದ್ದ ಚಕ್ಕುಲಿ ಬಾಯಿಯ ಹತ್ತಿರ ಹೋಗಿ ನಿಂತಿತು.

"ದಿನಾ ಹೀಗೆಯಾ?"

"ದಿನಾ ಎಲ್ಲಿ! ಅವತ್ತೊಂದೇ ದಿನ. ಟ್ಯೂಬ್ ರೈಲಲ್ಲಿ ಯಾವನೋ ಕುಡುಕ ಇವ್ರ ಮೇಲೆ ವಾಂತಿ ಮಾಡಿದ್ನಂತೆ."

"ಛೆ. ಆಮೇಲೆ ಫೋನು."

"ಹ್ಞೂಂ, ಆಮೇಲೆ ಫೋನು. ಸುದ್ದಿ ಕೇಳಿ ಮತ್ತೊಂದು ಸ್ನಾನ. ಪುಣ್ಯಕ್ಕೆ ಜ್ವರ ಬರ್ಲಿಲ್ಲ."

ಈಗ ನೀವೇ ಹೇಳಿ. ಈಸ್ಟ್ ಹ್ಯಾಮ್ ಸ್ಟೇಷನ್ನಿನ ಅಷ್ಟೂ ಕ್ಯಾಮೆರಾದಲ್ಲಿ ನವ್ಯಳೊಬ್ಬಳನ್ನೇ ಹುಡುಕಿದ ಪೊಲೀಸರಿಗೆ ಇದು ಹೊಳೆಯುತ್ತದೆಯೇ? ಹೆಣ ಮುಟ್ಟಿದವನು ಹೇಗೆ ಮನೆಗೆ ಬರುತ್ತಾನೋ ಹಾಗೆಯೇ ಬಂದಿದ್ದಾನೆ ಈ ಮನುಷ್ಯ. ಆದರೆ ಹೆಣ ಇದೆಯೆಂದು ಮನೆಯವರಿಗೆ ಗೊತ್ತಾಗುವ ಮೊದಲೇ ಬಂದಿದ್ದಾನೆ. ಬೇರೆ ಯಾರೇ ಆಗಿದ್ದರೂ ಮುಂಬಾಗಿಲಿನಿಂದ ಬಂದು, ಟೀ ಕುಡಿದು, ಟಿವಿ ಹಾಕಿ ಕೂತಿರುತ್ತಿದ್ದರು. ಯಾರಿಗೂ ಸುಳಿವು ಸಿಗುತ್ತಿರಲಿಲ್ಲ. ಇವನಿಗೆ ಆಗಲಿಲ್ಲ. ಹೆಣದ ಮೈಲಿಗೆಯನ್ನು ಮನೆಯ ಹೊಸ್ತಿಲು ದಾಟಿಸಲು ಆಗಲಿಲ್ಲ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು.

ಚಂದ್ರಶೇಖರ್ ಇಳಿದು ಬಂದರು. ಹಣೆಯಲ್ಲಿ ಗಂಧ, ಮೈಮೇಲೆ ಇಸ್ತ್ರಿ ಮಾಡಿದ ಅಂಗಿ. ಹೀಥ್ರೂ ಹತ್ತಿರದ ಕಂಪನಿಯೊಂದರಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು. ಈಗ ಆ ಭಾಗದ ಕನ್ನಡ ಸಂಘದ ಅಧ್ಯಕ್ಷರು. ಯಾರ ಮನೆಯಲ್ಲಿ ಗೃಹಪ್ರವೇಶವಾಗಲಿ, ಸತ್ಯನಾರಾಯಣ ಪೂಜೆಯಾಗಲಿ, ಮಂತ್ರ ತಪ್ಪಿದರೆ ಪುರೋಹಿತರನ್ನೇ ತಿದ್ದುವ ಆಸಾಮಿ.

"ಓ, ಪ್ರಫುಲ್ಲಾ ಅವ್ರು. ನಾಲ್ಕಕ್ಕೆ ಸಾರ್ಜೆಂಟ್ ಬರ್ತಾರೆ, ಅಣ್ಣನ ಜಾಕೆಟ್ ಬಗ್ಗೆ ಹೇಳಿಕೆ ಕೊಡ್ಬೇಕು. ನೀವು ಮುಂಚೆನೇ ಬಂದ್ರಿ?"

"ಹೌದು. ಆ ಪೊಲೀಸ್ ಹೆಂಗಸಿಗಿಂತ ಮುಂಚೆ ನಾನೇ ಕೇಳುವಾ ಅಂತ."

"ಏನಮ್ಮ ಕೇಳೋದು? ನಿಮ್ಮ ಹುಡುಗಿ ಮೇಲೆ ನಮಗೇನೂ ದ್ವೇಷ ಇಲ್ಲ. ಆದ್ರೆ ಕಾನೂನು ಇದೆಯಲ್ಲ."

"ವತ್ಸಲಾ," ಎಂದಳು ಪ್ರಫುಲ್ಲಾ, "ಒಂದು ಲೋಟ ಕಾಫಿ ಸಿಗ್ಬಹುದಾ? ಗಟ್ಟಿಯಾಗಿ."

ವತ್ಸಲಾ ಒಳಗೆ ಹೋದಳು. ಫಿಲ್ಟರಿನ ಸದ್ದು ಕೇಳಿತು.

"ಅಣ್ಣನನ್ನು ಮುಟ್ಟಿದಾಗ ಮೈ ಬಿಸಿ ಇತ್ತಾ, ತಣ್ಣಗಾಗಿತ್ತಾ, ಚಂದ್ರಶೇಖರ್ ಅವರೇ?"

"ಏನಂದ್ರಿ?"

"ಗಾರ್ಡನ್ ಪೈಪಿನ ನೀರಿಗಿಂತ ತಣ್ಣಗಿತ್ತಾ ಅಂತ ಕೇಳಿದೆ."

ಅವರ ಬಾಯಿ ತೆರೆಯಿತು. ಕೈ ತಾನಾಗಿ ಅಂಗಿಯ ಕಾಲರಿಗೆ ಹೋಯಿತು, ಅದರೊಳಗಿನ ಜನಿವಾರದ ಎಳೆಯನ್ನು ತಡವಿತು. ಪ್ರಫುಲ್ಲಾ ಅದನ್ನೇ ನೋಡುತ್ತಿದ್ದಳು. ಅಂಗಡಿಯಲ್ಲೂ ಹಾಗೆ. ಕದ್ದವನು ಕದ್ದ ಜಾಗವನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಾನೆ.

"ಟ್ಯೂಬಲ್ಲಿ ಕುಡುಕ..."

"ಕುಡುಕನ ವಾಂತಿಗೆ ಜನಿವಾರ ಬದಲಾಯಿಸ್ತಾರಾ ಮಾರಾಯ್ರೆ? ಯಾವ ಶಾಸ್ತ್ರದಲ್ಲುಂಟು, ಹೇಳಿ, ನಾನೂ ಕಲಿತೇನೆ."

ಚಂದ್ರಶೇಖರ್ ಸೋಫಾದಲ್ಲಿ ಕುಳಿತರು.

"ನಾನು ಕೊಂದಿಲ್ಲ."

"ನಾನು ಹಾಗೆ ಹೇಳಲಿಲ್ಲ."

"ಹೋಗಿದ್ದೆ. ಬೇಡ್ಕೊಳೋಕೆ ಹೋಗಿದ್ದೆ. ಮಾರನೇ ದಿನ ರಾಜ್ಯೋತ್ಸವ ಕಾರ್ಯಕ್ರಮ. ನಾನು ಅಧ್ಯಕ್ಷ. ನೂರಾರು ಜನದ ಮುಂದೆ ಆ ಜಾಕೆಟ್ ಹಾಕ್ಕೊಂಡು ವೇದಿಕೆ ಹತ್ತಿ, 'ನಾನು ಎಡ್ವಿನ್ ಪಾಸ್ಕೋನ ಮರಿಮಗ' ಅಂತ ಹೇಳ್ತೀನಿ ಅಂತ ಕೂತಿದ್ದ ನಮ್ಮಣ್ಣ."

ಈ ಪಾಸ್ಕೋ ಯಾರೆಂದು ಹೇಳಿಬಿಡಬೇಕು. ಇಲ್ಲದಿದ್ದರೆ ತೋಳಿಲ್ಲದ ಒಂದು ಹಳೇ ಜಾಕೆಟ್ಟಿಗೆ ಇಷ್ಟೆಲ್ಲ ಯಾಕೆ ಎಂದು ನೀವು ಕೇಳುತ್ತೀರಿ.

ಎಡ್ವಿನ್ ಪಾಸ್ಕೋ ಆಸ್ಟ್ರೇಲಿಯಾದ ಬ್ಯಾಲರಾಟ್ ಎಂಬ ಚಿನ್ನದ ಊರಿನವನು, ಗಣಿ ಕೆಲಸಗಾರನ ಮಗ. ಮೆಲ್ಬರ್ನ್ ಕಡೆ ಅವರದೇ ಒಂದು ಫುಟ್‌ಬಾಲು ಆಗಿನ್ನೂ ಎಳೆಯದು. ಮೊಟ್ಟೆಯ ಆಕಾರದ ಚೆಂಡು, ಕ್ರಿಕೆಟ್ ಮೈದಾನದಷ್ಟು ದೊಡ್ಡ ಅಂಗಳ. ಒದ್ದ ಚೆಂಡನ್ನು ಹಾರಿ ಹಿಡಿದರೆ ಹಿಡಿದವನನ್ನು ಯಾರೂ ಮುಟ್ಟುವಂತಿಲ್ಲ, ಅವನು ನೆಮ್ಮದಿಯಾಗಿ ನಿಂತು ಒದೆಯಬಹುದು. ಪಾಸ್ಕೋ ಎದುರಾಳಿಯ ಹೆಗಲಿಗೆ ಮಂಡಿ ಊರಿ ಮೇಲೇರುತ್ತಿದ್ದ. ಅವನು ಮೇಲೆ ಹೋದರೆ ಕೆಳಗಿಳಿಯುವುದನ್ನು ಮರೆಯುತ್ತಾನೆ ಎಂದು ಜನ ಹೇಳುತ್ತಿದ್ದರಂತೆ. ಯಾರ ಕೈಗೂ ಹಿಡಿ ಸಿಗಬಾರದೆಂದು ಆಗಿನ ಆಟಗಾರರು ಮೈಗಂಟುವ ದಪ್ಪ ಕ್ಯಾನ್ವಾಸ್ ಜಾಕೆಟ್ ತೊಟ್ಟು, ಎದೆಯ ಮೇಲೆ ಲಾಡಿ ಪೋಣಿಸಿ ಬಿಗಿಯುತ್ತಿದ್ದರು.

ಒಂದು ಶನಿವಾರ ಪಾಸ್ಕೋ ಗೋಲು ಕಂಬಗಳ ನೇರ ಎದುರಿಗೆ ಚೆಂಡು ಹಿಡಿದ. ಒದ್ದ. ಚೆಂಡು ಹೊರಗೆ ಹೋಯಿತು. ತಂಡ ಸೋತಿತು. ಬಾಜಿ ಕಟ್ಟುವವರಿಂದ ಲಂಚ ತಿಂದಿದ್ದಾನೆಂದು ಗುಲ್ಲೆದ್ದಿತು. ವಿಚಾರಣೆಯಲ್ಲಿ ಅವನ ತಂಡದ ನಾಯಕನೇ, ಒಂದೇ ತಟ್ಟೆಯಲ್ಲಿ ಉಂಡವನೇ ಎದ್ದು ನಿಂತು, "ಹೌದು, ತೆಗೆದುಕೊಂಡದ್ದನ್ನು ನಾನು ಕಣ್ಣಾರೆ ನೋಡಿದೆ" ಎಂದ. ಜೀವಮಾನ ಪರ್ಯಂತ ನಿಷೇಧ. ಹೆಗಲ ಮೇಲೆ ಹೊತ್ತು ಮೆರೆಸಿದ ಜನವೇ ಬೀದಿಯಲ್ಲಿ ಉಗಿದರು. ಆ ನಾಯಕ ಆಮೇಲೆ ದೊಡ್ಡ ಹೋಟೆಲು ಕಟ್ಟಿಸಿ, ಊರಿನ ಗಣ್ಯನಾಗಿ, ಮುದುಕನಾಗಿ, ಸುಖವಾಗಿ ಸತ್ತ. ಲೋಕ ಇರುವುದೇ ಹೀಗೆ. ನಾನೇನೂ ಹೊಸದು ಹೇಳುತ್ತಿಲ್ಲ.

ಪಾಸ್ಕೋ ಹಡಗು ಹತ್ತಿ ಕೋಲಾರದ ಚಿನ್ನದ ಗಣಿಗೆ ಬಂದ. ಚಾಂಪಿಯನ್ ರೀಫ್ ಎಂಬ ಗಣಿಯಲ್ಲಿ ಪಾತಾಳಕ್ಕಿಳಿಯುವ ಕೆಲಸ. ಹತ್ತಿರದ ಬೌರಿಂಗ್‌ಪೇಟೆಯಲ್ಲಿ ತಲೆ ಬೋಳಿಸಿಕೊಳ್ಳಲು ಒಪ್ಪದೆ ಮನೆಬಿಟ್ಟ ಒಬ್ಬ ಎಳೆಯ ವಿಧವೆ ಇದ್ದಳು. ಸುಬ್ಬಮ್ಮ. ಅವಳಿಗೆ ಒಂದು ಗಂಡು ಮಗು ಹುಟ್ಟಿತು. ಆ ಮಗುವಿನ ತಂದೆ ಯಾರೆಂದು ಇಡೀ ಪೇಟೆಗೆ ಗೊತ್ತಿತ್ತು. ಆದರೆ ಹೇಳುವ ಧೈರ್ಯವಿದ್ದವರು ಯಾರೂ ಇರಲಿಲ್ಲ. ಗಣಿ ಕುಸಿದು ಪಾಸ್ಕೋನ ಮಂಡಿ ಪುಡಿಯಾಯಿತು. ಕಂಪನಿಯವರು ಅವನನ್ನು ಹಡಗು ಹತ್ತಿಸಿ ಲಂಡನ್ನಿಗೆ ಸಾಗಹಾಕಿದರು. ಹೋಗುವಾಗ ಜಾಕೆಟ್ಟನ್ನು ಅವಳ ಕೈಯಲ್ಲಿಟ್ಟು ಹೋದ. ಅವಳು ಅದನ್ನು ಮಗುವಿನ ಹಾಸಿಗೆಯ ಕೆಳಗೆ ಹಾಸಿದಳು.

ಲಂಡನ್ನಿನಲ್ಲಿ ಅವನು ಬೆಕ್ಟನ್ನಿನ ಗ್ಯಾಸ್ ಕಾರ್ಖಾನೆಯಲ್ಲಿ ಕುಳಿತಲ್ಲೇ ಕಲ್ಲಿದ್ದಲು ಆರಿಸಿದ. ಈಸ್ಟ್ ಹ್ಯಾಮ್‌ನ ಬೀದಿಯಲ್ಲಿ ಮಕ್ಕಳ ಮುಂದೆ, ಆ ಮುರುಕು ಮಂಡಿಯಲ್ಲೇ, ಹಾರಿ ಚೆಂಡು ಹಿಡಿಯುವುದು ಹೇಗೆಂದು ತೋರಿಸಲು ಹೋಗಿ ಬೀಳುತ್ತಿದ್ದನಂತೆ. ಮಕ್ಕಳು ನಗುತ್ತಿದ್ದರು. ಸತ್ತಾಗ ಅವನನ್ನು ಹೆಸರಿಲ್ಲದ ಗುಂಡಿಯಲ್ಲಿ ಹೂತರು. ಅದಕ್ಕೇ ರಾಮಪ್ರಸಾದರು ಈ ವಯಸ್ಸಿನಲ್ಲಿ ತಮ್ಮನ ಮನೆಯ ಬೆಚ್ಚನೆಯ ಕೋಣೆ ಬಿಟ್ಟು, ಈಸ್ಟ್ ಹ್ಯಾಮ್‌ನಲ್ಲಿ ಆ ಕಡಿದಾದ ಮೆಟ್ಟಿಲಿನ ಮನೆ ಹಿಡಿದದ್ದು. ಮುತ್ತಜ್ಜ ಬಿದ್ದ ಬೀದಿಯಲ್ಲೇ ತಾನೂ ನಡೆಯಬೇಕೆಂದು.

"ನಮ್ಮಪ್ಪನ ಅಪ್ಪನ ಅಪ್ಪ!" ಎಂದರು ಚಂದ್ರಶೇಖರ್. "ಅಮ್ಮನ ಕಡೆಯೋನಾಗಿದ್ರೆ ಹೇಗೋ ನುಂಗ್ಕೋಬಹುದಿತ್ತು. ಇದು ವಂಶ ಕಣ್ರೀ! ನಾನು ದಿನಾ ಬೆಳಿಗ್ಗೆ ಸಂಕಲ್ಪದಲ್ಲಿ ಏನಂತ ಹೇಳ್ಲಿ? ಬ್ಯಾಲರಾಟ್ ಗೋತ್ರೋದ್ಭವಸ್ಯ ಅಂತಾನಾ? ಮಗಳ ಮದುವೆ ಗೊತ್ತಾಗಿದೆ. ಮೈಸೂರಿನೋರು. ಗೋತ್ರ, ಪ್ರವರ ಎಲ್ಲ ಕೇಳಿ ಒಪ್ಪಿದ್ದಾರೆ."

"ನಿಮ್ಮ ಮಗಳು ಎಂತ ಹೇಳ್ತಾಳೆ?"

"ತೃಪ್ತಿಗೆ ಅಣ್ಣ ಆಗ್ಲೇ ಹೇಳಿಬಿಟ್ಟಿದ್ದ." ಅವರು ಕಹಿಯಾಗಿ ನಕ್ಕರು. "'ಸೋ ಕೂಲ್, ಡ್ಯಾಡ್' ಅಂದ್ಳು."

"ಮತ್ತೆ?"

"ಮತ್ತೆ ಏನು. ಹೋದೆ. ಬೀದಿ ಬಾಗಿಲು ತೆರೆದೇ ಇತ್ತು, ಹೀಗೆ ಒಂದು ಗೇಣು. ತಳ್ಳಿದೆ. ಮೆಟ್ಟಿಲ ಬುಡದಲ್ಲಿ ಬಿದ್ದಿದ್ದ. ಕತ್ತು ಓರೆ ಆಗಿತ್ತು. ಮುಟ್ಟಿದೆ. ಹೋಗಿಬಿಟ್ಟಿದ್ದ, ಪ್ರಫುಲ್ಲಾ ಅವ್ರೇ. ಮೈ ಇನ್ನೂ ಬೆಚ್ಚಗಿತ್ತು. ಆದ್ರೆ ಹೋಗಿದ್ದ."

"ಅಂಬ್ಯುಲೆನ್ಸಿಗೆ ಫೋನ್ ಮಾಡಲಿಲ್ಲ."

"ಅವನು ಅದನ್ನ ಹಾಕ್ಕೊಂಡಿದ್ದ! ಆ ಜಾಕೆಟ್ಟನ್ನ! ಆ ವೇಷದಲ್ಲಿ ಅವನನ್ನ ನೋಡಿದ್ರೆ ಪೇಪರ್ನೋರು ಬಿಡ್ತಾರಾ? ಎಲ್ಲ ಆಚೆಗೆ ಬರೋದು."

ಜಾಕೆಟ್ಟನ್ನು ಗೋಡೆಯಿಂದ ಕದ್ದರೆಂದು ಎಲ್ಲರೂ ಅಂದುಕೊಂಡಿದ್ದರು. ಸತ್ತವನ ಮೈಮೇಲೆ ಅದು ಇತ್ತೆಂದು ಯಾರಿಗೂ ಗೊತ್ತಿರಲಿಲ್ಲ.

"ಬಿಚ್ಚಿದ್ರಿ."

"ಬಿಚ್ಚಿದೆ."

"ಒಡಹುಟ್ಟಿದ ಅಣ್ಣನ ಮೈಮೇಲಿನ ಬಟ್ಟೆ ಬಿಚ್ಚಿ, ಬನಿಯನ್ನಿನಲ್ಲಿ ಮೆಟ್ಟಿಲ ಕೆಳಗೆ ಬಿಟ್ಟು ಬಂದು, ನೀವು ಮಡಿ ಆದ್ರಿ. ಒಂದು ಬಡ ಹುಡುಗಿಯನ್ನು ಕಳ್ಳಿ ಅಂತ ಎಳೆದುಕೊಂಡು ಹೋಗುವಾಗಲೂ ಬಾಯಿ ಬಿಡಲಿಲ್ಲ. ನಿಮ್ಮಣ್ಣ ಕತೆ ಹೇಳ್ತಿದ್ರಲ್ಲ, ಆ ಮೆಲ್ಬರ್ನ್ ನಾಯಕ ಬಾಯಿ ಬಿಟ್ಟು ಒಬ್ಬನನ್ನು ತೆಗೆದ. ನೀವು ಬಾಯಿ ಮುಚ್ಚಿ ತೆಗೆಯಲಿಕ್ಕೆ ಹೊರಟ್ರಿ. ಅಷ್ಟೇ ವ್ಯತ್ಯಾಸ."

ಬಾಗಿಲಲ್ಲಿ ಏನೋ ಠಣ್ ಎಂದಿತು. ವತ್ಸಲಾ ಕಾಫಿ ತಟ್ಟೆ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಲೋಟಗಳು ಒಂದಕ್ಕೊಂದು ತಾಗಿದ್ದವು.

"ಅಕ್ಕ," ಎಂದಳು ಮೆಲ್ಲಗೆ, "ನಾನು ಸ್ನಾನದ ವಿಷಯ ಹೇಳಿದ್ದು... ಅದಕ್ಕಾ?"

ಪ್ರಫುಲ್ಲಾ ಅವಳ ಮುಖ ನೋಡಲಿಲ್ಲ. ನೋಡಬೇಕಿತ್ತು. "ಜಾಕೆಟ್ ಎಲ್ಲಿ?" ಎಂದು ಅವರನ್ನು ಕೇಳಿದಳು.

"ಹಿತ್ತಲ ಶೆಡ್ಡಲ್ಲಿ."

"ಸುಡಲಿಲ್ಲವಾ?"

ಚಂದ್ರಶೇಖರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. "ಬೆಂಕಿಪೊಟ್ಟಣ ಹಿಡ್ಕೊಂಡು ಎರಡು ಸಲ ಹೋದೆ. ಆಗ್ಲಿಲ್ಲ. ಏನೇ ಆದ್ರೂ... ಮುತ್ತಜ್ಜನದು."

ಲಾನ್‌ಮೋವರಿನ ಹಿಂದೆ, ಖಾಲಿ ಕುಂಡಗಳ ಕೆಳಗೆ ಒಂದು ಸೂಪರ್‌ಮಾರ್ಕೆಟ್ ಚೀಲ. ಅದನ್ನು ಅವರೇ ತಂದು ಊಟದ ಮೇಜಿನ ಮೇಲಿಟ್ಟರು. ಇಟ್ಟ ಮೇಲೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಎಷ್ಟಾದರೂ ಅಭ್ಯಾಸ.

ಪ್ರಫುಲ್ಲಾ ಚೀಲ ಬಿಡಿಸಿದಳು. ಬೂಸಲು ವಾಸನೆ ಬಂತು. ಬಕೆಟ್ಟಿನಲ್ಲಿ ನೆನೆದು, ಶೆಡ್ಡಿನಲ್ಲಿ ಮುದುಡಿ ಒಣಗಿದ ಕ್ಯಾನ್ವಾಸು ಹಪ್ಪಳದಂತೆ ಸೆಟೆದಿತ್ತು. ಎಂತೆಂಥ ಹೆಗಲುಗಳ ಮೇಲೆ ಹಾರಿದ ಎದೆಯ ಬಟ್ಟೆ. ಈಗ ಒಂದು ಮಗುವಿನ ಅಂಗಿಯಷ್ಟು ಕಂಡಿತು. ನವ್ಯ ಬಚಾವಾದಳು ಎಂದುಕೊಂಡಳು ಪ್ರಫುಲ್ಲಾ. ಸಾರ್ಜೆಂಟ್ ಬಂದರೆ ಇದನ್ನು ಅವಳ ಕೈಯಲ್ಲಿಡುವುದು, ಇವನಿಂದ ಹೇಳಿಸುವುದು, ಅಲ್ಲಿಗೆ ಮುಗಿಯಿತು.

"ಲಾಡಿ ಎಲ್ಲಿ?"

"ಚೀಲದ ತಳದಲ್ಲಿದೆ. ಬಿಚ್ಚೋಕೇ ಬರ್ಲಿಲ್ಲ ಅದು. ಅಣ್ಣನ ಅಡುಗೆಮನೆ ಚಾಕು ತಂದು ಕೊಯ್ಯಬೇಕಾಯ್ತು."

ಪ್ರಫುಲ್ಲಾ ಕೈ ಒಳಗೆ ಹಾಕಿದಳು. ಬೆರಳಿಗೆ ಸಿಕ್ಕಿತು. ಇನ್ನೂ ಹೊರಗೆ ತೆಗೆದಿರಲಿಲ್ಲ, ಬೆರಳಿಗೆ ಗೊತ್ತಾಗಿಹೋಯಿತು.

ರಾಮಪ್ರಸಾದರ ಕೈ ನೆನಪಾಯಿತು ಅವಳಿಗೆ. ಸಂಧಿವಾತದಿಂದ ಸೊಟ್ಟಗಾಗಿ, ಶುಂಠಿ ಕೊಂಬಿನಂತಾದ ಬೆರಳುಗಳು. ಅಂಗಿಯ ಗುಂಡಿಯನ್ನೂ ಅವರಿಗೆ ನವ್ಯಳೇ ಹಾಕಬೇಕಿತ್ತು. ಎದೆಯುದ್ದಕ್ಕೂ ಲಾಡಿ ಪೋಣಿಸಿ ಬಿಗಿಯುವುದು ಆ ಕೈಯಿಂದ ಆಗುವ ಮಾತೇ ಅಲ್ಲ.

ಲಾಡಿಯನ್ನು ಹೊರಗೆ ತೆಗೆದಳು. ಕೊಯ್ದ ತುಂಡುಗಳು. ಷೂ ಕಟ್ಟುವಂತೆ ಅಡ್ಡಡ್ಡ ಪೋಣಿಸಿ ತುದಿಯಲ್ಲಿ ಒಂದು ಗಂಟು ಹಾಕಿದ್ದಲ್ಲ. ಒಂದೊಂದು ಜೋಡಿ ತೂತಿಗೂ ಒಂದೊಂದು ಗಂಟು. ಬೆರಳಿಗೆ ಸುತ್ತಿ, ತಿರುಗಿಸಿ, ಒಳಗಿಂದ ತೂರಿಸಿ, ಬಿಗಿದದ್ದು. ಒಂದಕ್ಕೊಂದು ಒತ್ತಿಕೊಂಡು, ಸಾಲಾಗಿ, ಒಂದೂ ಉದುರದಂತೆ.

ಶಂಕರಪುರದ ಜಗಲಿಯಲ್ಲಿ ಬೆಳಗಿನ ಬಸ್ಸಿಗೆ ಮುಂಚೆ ಮಲ್ಲಿಗೆ ಕಟ್ಟಿ ಮುಗಿಸಬೇಕಿತ್ತು. ಪುಟ್ಟ ನವ್ಯ ಬಾಳೆನಾರು ಹಿಡಿದು ತೊಡೆಯ ಹತ್ತಿರ ಕೂತು, "ಹೀಗೆಯಾ ದೊಡ್ಡಮ್ಮ?" ಎಂದು ಕೇಳುತ್ತಿದ್ದಳು. "ಹಾಗಲ್ಲ, ಇನ್ನೂ ಬಿಗಿ, ಇನ್ನೂ ಬಿಗಿ," ಎಂದು ಹೇಳಿಕೊಟ್ಟವಳು ಇವಳೇ.

ಆ ದಿನ ನವ್ಯ ಅಲ್ಲಿದ್ದಳು. ಮುದುಕರಿಗೆ ಜಾಕೆಟ್ ತೊಡಿಸಿದ್ದಳು. ಆಮೇಲೆ ಅವರು ಬಿದ್ದಿದ್ದಾರೆ, ಮೈ ಬೆಚ್ಚಗಿರುವಾಗಲೇ ಯಾರೋ ಬಾಗಿಲು ತೆರೆದು ಬಿಟ್ಟು ಓಡಿದ್ದಾರೆ. ಆ ಬದಿಗೇ ಹೋಗಲಿಲ್ಲ, ದೇವರಾಣೆ ಅಂದಿದ್ದಳಲ್ಲ.

"ಯಾಕೆ, ಏನಾಯ್ತು?" ಎಂದರು ಚಂದ್ರಶೇಖರ್. ಅವರಿಗೆ ಏನೂ ತಿಳಿಯಲಿಲ್ಲ. ಗಂಟು ಅವರ ಪಾಲಿಗೆ ಬರೀ ಗಂಟು.

"ಏನಿಲ್ಲ."

ಕರೆಗಂಟೆ ಸದ್ದಾಯಿತು.

ಚಂದ್ರಶೇಖರ್ ಎದ್ದು, ಅಂಗಿ ಸರಿಮಾಡಿಕೊಂಡು, ನೇಣಿಗೆ ಹೋಗುವವರಂತೆ ಬಾಗಿಲ ಕಡೆ ನಡೆದರು. ಹಜಾರದಲ್ಲಿ ಬೂಟು ಒರೆಸುವ ಸದ್ದು. ಸಾರ್ಜೆಂಟ್ ಹ್ಯಾರಿಸಳ ದನಿ, ಹವಾಮಾನದ ಬಗ್ಗೆ ಒಂದು ಮಾತು. ಈ ಊರಿನಲ್ಲಿ ಕೈಕೋಳ ತೊಡಿಸುವ ಮೊದಲೂ ಹವಾಮಾನದ ಮಾತಾಡುತ್ತಾರೆ.

ಪ್ರಫುಲ್ಲಾ ಲಾಡಿಯನ್ನು ಅಂಗೈಯಲ್ಲಿ ಮಡಿಸಿಕೊಂಡಳು. ಕಣ್ಣು ಬಾಗಿಲ ಕಡೆಗೇ ಇತ್ತು. ಎಡಗೈ ಮೇಜಿನ ಮೇಲಿನ ಕಾಫಿ ಲೋಟವನ್ನು ಸುಮ್ಮನೆ ಸರಿಸಿತು, ನೋಡುವವರ ಕಣ್ಣು ಅಲ್ಲಿಗೆ ಹೋಗಲೆಂದು. ಬಲಗೈ ಕಾರ್ಡಿಗನ್ನಿನ ಮರೆಯಲ್ಲಿ ಇಳಿದು, ತೆರೆದ ಬ್ಯಾಗಿನೊಳಗೆ ಹೋಗಿ, ಖಾಲಿಯಾಗಿ ಹೊರಬಂತು. ಭುಜ ಅಲುಗಲಿಲ್ಲ. ಯಾವ ಕೈಚಳಕವನ್ನು ಹಿಡಿದು ಹಿಡಿದು ಅವಳ ಆಯುಸ್ಸು ಸವೆದಿತ್ತೋ, ಅದನ್ನೇ ಅವಳು ಆ ಎಲ್ಲ ಕಳ್ಳರಿಗಿಂತ ಚೆನ್ನಾಗಿ ಮಾಡಿದಳು.

ಆಮೇಲೆ ತಲೆಯೆತ್ತಿದಳು.

ವತ್ಸಲಾ ಇನ್ನೂ ಅಲ್ಲೇ ನಿಂತಿದ್ದಳು. ತಟ್ಟೆಯನ್ನು ಕೆಳಗಿಟ್ಟಿದ್ದಳು. ಮೇಜಿನ ತುದಿಯಲ್ಲಿ ಬಿದ್ದಿದ್ದ ಚಕ್ಕುಲಿ ಪೊಟ್ಟಣದ ದಾರವನ್ನು ಎತ್ತಿಕೊಂಡಳು. ಕತ್ತರಿಸಿದರೂ ಗಂಟು ಹಾಗೇ ಇತ್ತು. ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು.

ಹಜಾರದ ಹೆಜ್ಜೆಗಳು ಹತ್ತಿರವಾದವು.

"ಅಕ್ಕ," ಎಂದಳು ವತ್ಸಲಾ, ದಾರವನ್ನು ಅವಳ ಕಡೆ ಚಾಚಿ, "ಇದನ್ನೂ ಬ್ಯಾಗಿಗೆ ಹಾಕ್ಕೊಳ್ತೀರಾ? ಇಲ್ಲಾ, ಬಂದೋರ ಕೈಗೆ ಕೊಡ್ಲಾ?"